ತಟ್ಟೆ ಎತ್ತುವವರು ಯಾರು?

ನಮಸ್ಕಾರ. ರೇಡಿಯೋ ಹಚ್ಚಿಕೊಂಡು ಕೆಲಸ ಮಾಡುತ್ತಿರುವ ಅಮ್ಮಂದಿರೇ, ಪಕ್ಕದಲ್ಲಿ ಸುಮ್ನೆ ಕೂತು ಕೇಳುತ್ತಿರುವ ಯಜಮಾನರೇ, ನನಗೆ ಸಿಕ್ಕಿರುವ ಸಮಯ ಕಡಿಮೆ, ಹೇಳುವುದೂ ಒಂದೇ ಮಾತು. ಮನೆಯೊಳಗೆ ಇದು ಹೆಣ್ಣಿನ ಕೆಲಸ, ಇದು ಗಂಡಿನದು ಅಂತ ಹಂಚಿಕೊಂಡಿದ್ದೇವಲ್ಲ, ಅದು ಹುಟ್ಟಿನಿಂದ ಬಂದದ್ದಲ್ಲ, ಕಲಿತದ್ದು. ಹೆರುವುದು, ಹಾಲೂಡುವುದು ಹೆಣ್ಣಿಗೆ ಬಂದದ್ದು, ಒಪ್ಪಿದೆ. ಪೊರಕೆ ಹಿಡಿಯಲು ಏನು ಬೇಕು? ಕೈ. ಅದು ಎಲ್ಲರಿಗೂ ಇದೆ ಅಲ್ವಾ?

ಒಮ್ಮೆ ಸ್ನೇಹಿತರ ಮನೆಗೆ ಊಟಕ್ಕೆ ಹೋಗಿದ್ದೆ. ಅವರ ಮಗನಿಗೆ ಆಗ ಆರು ವರ್ಷ. ಊಟ ಮುಗಿಸಿ ತನ್ನ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಚೆಲ್ಲಬಾರದು ಅಂತ ನಾಲಿಗೆ ಕಚ್ಚಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತಾ ಒಳಗೆ ಹೊರಟ. ಅಜ್ಜಿ ಅಂದರು, 'ನೀನ್ಯಾಕೋ ರಾಜ, ಅಕ್ಕ ಇದಾಳಲ್ಲ.' ಹುಡುಗ ನಿಂತ. ಅಜ್ಜಿಯ ಮುಖ ನೋಡಿದ, ಅಕ್ಕನ ಮುಖ ನೋಡಿದ. ತಟ್ಟೆಯನ್ನು ಅಲ್ಲೇ ನೆಲಕ್ಕಿಟ್ಟು ಕೈಯನ್ನು ಚಡ್ಡಿಗೆ ಒರೆಸಿಕೊಂಡು ಆಡಲು ಓಡಿದ. ಪಾಠ ಮುಗಿಯಿತು! ಎಂಟು ವರ್ಷದ ಅಕ್ಕ ಬಂದು ಆ ತಟ್ಟೆ ಎತ್ತಿದಳು, ಜೊತೆಗೆ ನನ್ನದನ್ನೂ. ಇದನ್ನೇ ಕಾಲೇಜಿನಲ್ಲಿ ಪಾಠ ಮಾಡುವ ನಾನು ಕೂತೇ ಇದ್ದೆ.

ಅಜ್ಜಿಗೆ ಇದನ್ನು ಯಾರು ಕಲಿಸಿದರು? ಒಂದು ಕಾರಣ ನೇಗಿಲು ಅಂತ ಎಸ್ತರ್ ಬೋಸರಪ್ ಎಂಬ ಅರ್ಥಶಾಸ್ತ್ರಜ್ಞೆ 1970ರಲ್ಲಿ ಬರೆದರು. ನೇಗಿಲಿಗೆ ತೋಳಿನ ಬಲ ಬೇಕು, ಗಂಡು ಹೊಲಕ್ಕೆ ಹೋದ, ಹೆಣ್ಣು ಮನೆಯೊಳಗೆ ಉಳಿದಳು. ಗುದ್ದಲಿ ಬೇಸಾಯ ಇದ್ದ ಕಡೆ ಹೊಲದಲ್ಲಿ ಹೆಣ್ಣಿನ ದುಡಿಮೆಯೇ ಜಾಸ್ತಿ. ಈಗ ಟ್ರ್ಯಾಕ್ಟರ್ ಬಂದಿದೆ, ಅದಕ್ಕೆ ಯಾವ ತೋಳು ಬೇಕು? ಹಂಚಿಕೆ ಮಾತ್ರ ಹಾಗೇ ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2018ರ ವರದಿ ಪ್ರಕಾರ, ಸಂಬಳವಿಲ್ಲದ ಮನೆಗೆಲಸ, ಆರೈಕೆಗೆ ಜಗತ್ತಿನಲ್ಲಿ ಹೆಣ್ಣು ದಿನಕ್ಕೆ ಸರಾಸರಿ 4 ಗಂಟೆ 25 ನಿಮಿಷ ಕೊಡುತ್ತಾಳೆ, ಗಂಡು 1 ಗಂಟೆ 23 ನಿಮಿಷ.

ಗಂಡಸಿಗೆ ಕೂಸು ನೋಡಿಕೊಳ್ಳಲು ಬರಲ್ಲ ಅನ್ನುವವರಿಗೆ ಇನ್ನೊಂದು ಮಾತು. ಮಧ್ಯ ಆಫ್ರಿಕಾದ ಕಾಡಿನಲ್ಲಿ ಅಕಾ ಎಂಬ ಜನರಿದ್ದಾರೆ. ಅಲ್ಲಿ ಅಪ್ಪಂದಿರು ದಿನದ ಸುಮಾರು ಅರ್ಧ ಹೊತ್ತು ಕೂಸನ್ನು ಎತ್ತಿಕೊಂಡೋ, ಕೈಗೆಟುಕುವಷ್ಟು ಹತ್ತಿರವೋ ಇರುತ್ತಾರೆ. ಅವರೇನು ಬೇರೆ ಜಾತಿಯ ಪ್ರಾಣಿಗಳಾ? ಕಲಿತಿದ್ದಾರೆ, ಅಷ್ಟೇ.

ನಾರ್ವೆಯದು ಬೇಗ ಹೇಳಿಬಿಡುತ್ತೇನೆ. 1993ರಲ್ಲಿ ಹೆರಿಗೆ ನಂತರದ ರಜೆಯಲ್ಲಿ ನಾಲ್ಕು ವಾರ ಅಪ್ಪನಿಗೇ ಅಂತ ಎತ್ತಿಟ್ಟರು, ಅವನು ತೆಗೆದುಕೊಳ್ಳದಿದ್ದರೆ ಆ ರಜೆ ಹೋಯಿತು. ಕೆಲವೇ ವರ್ಷಗಳಲ್ಲಿ ಹೆಚ್ಚಿನ ಅಪ್ಪಂದಿರು ಕೂಸಿನ ಜೊತೆ ಮನೆಯಲ್ಲಿದ್ದರು. ಅವರೂ ಕಲಿತರು.

ಗಾಜಿನ ಆಚೆಯಿಂದ ಸಾಕು ಅಂತ ಕೈ ಮಾಡುತ್ತಿದ್ದಾರೆ. ಅಂದಹಾಗೆ ಆ ಹುಡುಗನಿಗೆ ಈಗ ಹದಿನಾರು. ತಟ್ಟೆ ಇನ್ನೂ ಅಲ್ಲೇ ಬಿಟ್ಟು ಏಳುತ್ತಾನಂತೆ. ನಮಸ್ಕಾರ.