ನರಿಯನ್ನು ನೋಡಿದ್ದು ಮಗು ಮಾತ್ರ: ನಗಿಸುವ ಚಿತ್ರಪುಸ್ತಕಗಳೂ ಸಾಹಸ ಕಾದಂಬರಿಗಳೂ

(ತೆರೆಯ ಮೇಲೆ: ಎಡದಿಂದ ಬಲಕ್ಕೆ ನಡೆಯುತ್ತಿರುವ ಒಂದು ಕೋಳಿ. ನಿರೂಪಕರ ದನಿ ಮಾತ್ರ.)

ಒಂದು ಕೋಳಿ ವಾಕಿಂಗ್ ಹೊರಡುತ್ತದೆ. ಅಂಗಳ ದಾಟುತ್ತದೆ. ಕೊಳ ಸುತ್ತುತ್ತದೆ. ಹುಲ್ಲಿನ ಬಣವೆ ಹತ್ತಿ ಇಳಿಯುತ್ತದೆ. ಹಿಟ್ಟಿನ ಗಿರಣಿಯ ಪಕ್ಕದಲ್ಲಿ ಹಾದು, ಬೇಲಿಯೊಳಗೆ ನುಸುಳಿ, ಜೇನುಪೆಟ್ಟಿಗೆಗಳ ಕೆಳಗೆ ನಡೆದು ಊಟದ ಹೊತ್ತಿಗೆ ಗೂಡಿಗೆ ಬರುತ್ತದೆ. ಕಥೆ ಮುಗಿಯಿತು.

ಇದರಲ್ಲಿ ನಗುವಂಥದ್ದು ಏನೂ ಇಲ್ಲ ಅಲ್ವಾ? ಆದರೆ ಇದೇ ಪುಸ್ತಕವನ್ನು ನಾಲ್ಕು ವರ್ಷದ ಮಗುವಿನ ಮುಂದೆ ತೆರೆದಿಡಿ, ಬಿದ್ದು ಬಿದ್ದು ನಗುತ್ತದೆ.

(ತೆರೆಯ ಮೇಲೆ: ಕೋಳಿಯ ಹಿಂದೆ ಮೆಲ್ಲಗೆ ಒಂದು ನರಿ ಕಾಣಿಸುತ್ತದೆ.)

ಯಾಕೆಂದರೆ ಚಿತ್ರಗಳಲ್ಲಿ ಒಂದು ನರಿ ಇದೆ. ಅಂಗಳದಲ್ಲಿ ಅದು ಕೋಳಿಯ ಮೇಲೆ ಹಾರುತ್ತದೆ. ಹುಲ್ಲು ಬಾಚುವ ಕೋಲಿನ ಹಲ್ಲುಗಳ ಮೇಲೆ ಕಾಲು ಬೀಳುತ್ತದೆ, ಕೋಲು ಎದ್ದು ಮೂತಿಗೆ ಬಡಿಯುತ್ತದೆ. ಮುಂದೆ ಕೊಳಕ್ಕೆ ಬೀಳುತ್ತದೆ, ಬಣವೆಯಲ್ಲಿ ಹೂತು ಹೋಗುತ್ತದೆ, ಗಿರಣಿಯ ಹತ್ತಿರ ಮೈತುಂಬ ಹಿಟ್ಟು ಸುರಿಸಿಕೊಳ್ಳುತ್ತದೆ. ಕೊನೆಗೆ ಜೇನುಹುಳುಗಳು ಅಟ್ಟಿಸಿಕೊಂಡು ಹೋಗುತ್ತವೆ. ಕೋಳಿ ಒಮ್ಮೆಯೂ ಹಿಂದೆ ತಿರುಗಿ ನೋಡುವುದಿಲ್ಲ. ಕಥೆಯ ಮಾತುಗಳಲ್ಲಂತೂ ನರಿಯ ಹೆಸರೇ ಬರುವುದಿಲ್ಲ.

ಈ ಪುಸ್ತಕದ ಹೆಸರು 'ರೋಸೀಸ್ ವಾಕ್'. ಬರೆದು ಚಿತ್ರ ಬಿಡಿಸಿದವರು ಇಂಗ್ಲೆಂಡಿನ ಪ್ಯಾಟ್ ಹಚಿನ್ಸ್. 1968ರಲ್ಲಿ ಬಂದ ಅವರ ಮೊದಲ ಪುಸ್ತಕ ಇದು. ಇಂಗ್ಲಿಷ್ ಮೂಲದಲ್ಲಿ ಇಡೀ ಕಥೆ ಒಂದೇ ವಾಕ್ಯ, 32 ಪದ.

ಈಗ ಓದಿ ಹೇಳುವ ಅಮ್ಮನನ್ನು ಊಹಿಸಿಕೊಳ್ಳಿ. ಅವರ ಬಾಯಲ್ಲಿ ಬರುವುದು ಕೋಳಿ ಮಾತ್ರ. ಓದಲು ಬಾರದ ಮಗುವಿಗೆ ಕಾಣುವುದು ಕೋಳಿಯೂ ಹೌದು, ನರಿಯೂ ಹೌದು. ಅಂದರೆ ಓದುವವರು ಹೇಳದ ಸಂಗತಿ ಮಗುವಿಗೆ ಗೊತ್ತು. "ಅಮ್ಮಾ, ನೋಡು ನೋಡು, ನರಿ!" ಎಂದು ಅದು ಕೂಗುವುದು ಇದಕ್ಕೇ. ದಿನವಿಡೀ ದೊಡ್ಡವರಿಂದ ಹೇಳಿಸಿಕೊಳ್ಳುವ ಮಗುವಿಗೆ ಈಗ ದೊಡ್ಡವರಿಗೆ ಹೇಳಿಕೊಡುವ ಸರದಿ. ಆ ನಗುವಿನಲ್ಲಿ ಅರ್ಧ ಪಾಲು ಈ ಹೆಮ್ಮೆಯದು ಎಂದು ನಾನು ನಂಬುತ್ತೇನೆ.

(ತೆರೆಯ ಮೇಲೆ: ಒಂದು ದೊಡ್ಡ ಹಾಳೆಯನ್ನು ಮಡಚಿ ಪುಟಗಳಾಗಿಸುವ ಅನಿಮೇಷನ್.)

ಇದು ಕೆಲಸ ಮಾಡುವುದು ಹೇಗೆ? ಚಿತ್ರಪುಸ್ತಕಗಳಲ್ಲಿ ಜಾಸ್ತಿ 32 ಪುಟದವು. ಪ್ರೆಸ್ಸಿನಲ್ಲಿ ದೊಡ್ಡ ಹಾಳೆ ಅಚ್ಚು ಮಾಡಿ ಮಡಚುವಾಗ ಪುಟಗಳು 8, 16, 32 ಹೀಗೆ ಬರುತ್ತವೆ. ಹಾಗಾಗಿ ಕಥೆಗಾರರಿಗೆ ಸಿಗುವುದು ಕೆಲವೇ ಪುಟ ತಿರುವುಗಳು. ಹಚಿನ್ಸ್ ಒಂದು ಜೋಡಿ ಪುಟದಲ್ಲಿ ನರಿ ನೆಗೆಯುವುದನ್ನು ತೋರಿಸುತ್ತಾರೆ. ಮುಂದೆ ಏನಾಗಬಹುದು ಎಂಬ ಸುಳಿವೂ ಅಲ್ಲೇ ಇರುತ್ತದೆ. ಪುಟ ತಿರುಗಿಸಿದರೆ ನರಿ ಬಿದ್ದಿರುತ್ತದೆ. ಆ ಪುಟದಲ್ಲಿ ಒಂದು ಪದವೂ ಇಲ್ಲ. ನಗುವುದಕ್ಕೆಂದೇ ಬಿಟ್ಟ ಜಾಗ ಅದು. ದಯವಿಟ್ಟು ಅಲ್ಲಿ ಮಾತಾಡಬೇಡಿ. ಮಗು ಸಾಕೆನ್ನುವವರೆಗೆ ಪುಟ ತಿರುಗಿಸಲೂ ಬೇಡಿ.

ಅಮೆರಿಕದ ಮಾರಿಸ್ ಸೆಂಡಾಕ್ 1963ರಲ್ಲಿ ತಂದ 'ವೇರ್ ದ ವೈಲ್ಡ್ ಥಿಂಗ್ಸ್ ಆರ್' ಪುಸ್ತಕದಲ್ಲಿ ಚಿತ್ರದ ಅಳತೆಯೇ ಕಥೆ ಹೇಳುತ್ತದೆ. ತುಂಟಾಟಕ್ಕೆ ಬೈಸಿಕೊಂಡ ಮ್ಯಾಕ್ಸ್ ಊಟವಿಲ್ಲದೆ ಕೋಣೆ ಸೇರುತ್ತಾನೆ. ಆಗ ಚಿತ್ರ ಚಿಕ್ಕದು, ಸುತ್ತ ಬಿಳಿ ಜಾಗ. ಕೋಣೆಯಲ್ಲಿ ಕಾಡು ಬೆಳೆದಂತೆ ಚಿತ್ರವೂ ಬೆಳೆಯುತ್ತದೆ. ಅವನು ರಾಕ್ಷಸ ಪ್ರಾಣಿಗಳ ರಾಜನಾಗಿ ಕುಣಿಯುವ ಹೊತ್ತಿಗೆ ಸತತ ಮೂರು ಜೋಡಿ ಪುಟಗಳ ತುಂಬ ಬರೀ ಚಿತ್ರ. ಮತ್ತೆ ಮನೆಗೆ ಬಂದ ಮೇಲೆ, ಕೊನೆಯ ಪುಟದಲ್ಲಿ ಚಿತ್ರವೇ ಇಲ್ಲ, ಕೆಲವು ಪದಗಳು ಮಾತ್ರ. ಊಟ ಇನ್ನೂ ಬಿಸಿಯಾಗಿದೆ ಅನ್ನುತ್ತವೆ ಆ ಪದಗಳು.

ಇಂಥ ಪುಸ್ತಕ ಮುಗಿದ ಕೂಡಲೇ ನಮ್ಮಲ್ಲಿ ಬರುವ ಪ್ರಶ್ನೆ ಒಂದೇ: "ಈ ಕಥೆಯ ನೀತಿ ಏನು, ಹೇಳು ನೋಡೋಣ?" ಅದುವರೆಗೆ ಮಗುವಿಗೆ ಹೆಚ್ಚು ಗೊತ್ತಿತ್ತು. ಈ ಪ್ರಶ್ನೆ ಬಿದ್ದ ಕ್ಷಣ ಅದು ಮತ್ತೆ ಪರೀಕ್ಷೆಗೆ ಕೂತ ವಿದ್ಯಾರ್ಥಿ. ಪಂಚತಂತ್ರದ ನೀತಿ ಕಥೆಗಳ ಬಗ್ಗೆ ನನಗೆ ಪ್ರೀತಿಯಿದೆ. ಆದರೆ ಬರೀ ನಗಿಸುವ ಪುಸ್ತಕಕ್ಕೂ ಮನೆಯ ಕಪಾಟಿನಲ್ಲಿ ಅಷ್ಟೇ ಹಕ್ಕಿದೆ.

(ತೆರೆಯ ಮೇಲೆ: ಜಲವರ್ಣದಲ್ಲಿ ಮೂಡುತ್ತಿರುವ ಒಂದು ದ್ವೀಪದ ನಕ್ಷೆ.)

ಈಗ ಒಂಬತ್ತು, ಹತ್ತು ವರ್ಷದವರ ಕಡೆ ಬರೋಣ. ಅವರು ಕೇಳುವುದು ಸಾಹಸ.

1881ರ ಬೇಸಿಗೆಯ ಕೊನೆ. ಸ್ಕಾಟ್ಲೆಂಡಿನ ಬ್ರೇಮಾರ್ ಎಂಬ ಊರು. ಹೊರಗೆ ಮಳೆ, ಚಳಿ. ರಾಬರ್ಟ್ ಲೂಯಿ ಸ್ಟೀವನ್‌ಸನ್ ತಮ್ಮ ಹೆಂಡತಿಯ ಮಗ ಲಾಯ್ಡ್ ಜೊತೆ ಬಣ್ಣ ಹಚ್ಚುತ್ತ ಕೂತವರು ಒಂದು ದ್ವೀಪದ ನಕ್ಷೆ ಬಿಡಿಸಿದರು. ಲಾಯ್ಡ್‌ಗೆ ಆಗ ಹದಿಮೂರು ದಾಟಿತ್ತು. ಆ ನಕ್ಷೆ ನೋಡುತ್ತ ನೋಡುತ್ತ ಪಾತ್ರಗಳು ಎದ್ದು ಬಂದವು. ದಿನಕ್ಕೊಂದು ಅಧ್ಯಾಯ ಬರೆದು ಮನೆಯವರಿಗೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಅವರ ತಂದೆ ದೀಪಸ್ತಂಭಗಳನ್ನು ಕಟ್ಟುವ ಎಂಜಿನಿಯರ್. ಅವರೂ ಮಗುವಿನಂತೆ ಇದರಲ್ಲಿ ಮುಳುಗಿ, ಸತ್ತ ಕಡಲುಗಳ್ಳನ ಪೆಟ್ಟಿಗೆಯಲ್ಲಿ ಏನೇನು ಸಿಗಬೇಕು ಎಂದು ಪಟ್ಟಿ ಮಾಡಿಕೊಟ್ಟರು! ಹೀಗೆ ಹುಟ್ಟಿದ್ದು 'ಟ್ರೆಷರ್ ಐಲ್ಯಾಂಡ್'. ಮೊದಲು 'ಯಂಗ್ ಫೋಕ್ಸ್' ಎಂಬ ಮಕ್ಕಳ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು, 1883ರಲ್ಲಿ ಪುಸ್ತಕವಾಯಿತು. ಪುಸ್ತಕಕ್ಕೆಂದು ಕಳಿಸಿದ ಮೂಲ ನಕ್ಷೆ ಪ್ರಕಾಶಕರಿಗೆ ತಲುಪಲೇ ಇಲ್ಲ. ತಾವೇ ಬರೆದ ಕಾದಂಬರಿಯನ್ನು ಮುಂದಿಟ್ಟುಕೊಂಡು, ಅದಕ್ಕೆ ಹೊಂದುವಂತೆ ಸ್ಟೀವನ್‌ಸನ್ ಮತ್ತೊಂದು ನಕ್ಷೆ ತಯಾರಿಸಬೇಕಾಯಿತು.

ಈ ಕಾದಂಬರಿಯ ಒಂದು ಜಾಗವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನಿಧಿ ಹುಡುಕಿ ಹೊರಟ ಹಡಗು ದ್ವೀಪದ ಹತ್ತಿರ ಬಂದಿದೆ. ಹುಡುಗ ಜಿಮ್‌ಗೆ ಸೇಬು ತಿನ್ನುವ ಆಸೆ. ಪೀಪಾಯಿಯ ತಳದಲ್ಲಿ ಸ್ವಲ್ಪವೇ ಹಣ್ಣು ಉಳಿದಿದೆ. ಅವನು ಒಳಗೇ ಇಳಿದು ಕೂರುತ್ತಾನೆ. ಅಷ್ಟರಲ್ಲಿ ಯಾರೋ ಬಂದು ಪೀಪಾಯಿಗೆ ಒರಗಿ ಮಾತು ಶುರು ಮಾಡುತ್ತಾರೆ. ಅದು ಜಾನ್ ಸಿಲ್ವರ್‌ನ ದನಿ. ಎಲ್ಲರಿಗೂ ಬೇಕಾದ ಅಡುಗೆಯವ. ಆದರೆ ಅವನೇ ದಂಗೆಯ ಸಂಚು ಹೂಡುತ್ತಿದ್ದಾನೆ. ಕೆಲವೇ ಮಾತು ಕೇಳುವಷ್ಟರಲ್ಲಿ ಜಿಮ್‌ಗೆ ತಿಳಿಯುತ್ತದೆ, ಹಡಗಿನ ಒಳ್ಳೆಯವರೆಲ್ಲರ ಪ್ರಾಣ ಈಗ ತನ್ನೊಬ್ಬನ ಕೈಯಲ್ಲಿದೆ ಎಂದು. ಅಲ್ಲಿಗೆ ಅಧ್ಯಾಯ ಮುಗಿಯುತ್ತದೆ.

ಕ್ಯಾಪ್ಟನ್‌ಗೆ ಗೊತ್ತಿಲ್ಲ. ಡಾಕ್ಟರಿಗೆ ಗೊತ್ತಿಲ್ಲ. ಹಡಗಿಗೆ ದುಡ್ಡು ಹಾಕಿದ ಯಜಮಾನರಿಗೂ ಗೊತ್ತಿಲ್ಲ. ಪೀಪಾಯಿಯೊಳಗಿನ ಹುಡುಗನಿಗೆ ಗೊತ್ತು, ಓದುವ ಮಗುವಿಗೆ ಗೊತ್ತು. ನರಿಯ ಕಥೆಯಲ್ಲಿ ಆದದ್ದೇ ಇಲ್ಲೂ ಆಗುತ್ತಿದೆ ನೋಡಿ. ಅಲ್ಲಿ ಗುಟ್ಟು ನಗಿಸಿತು, ಇಲ್ಲಿ ಎದೆ ಡವಡವ ಅನ್ನಿಸುತ್ತದೆ. ಕಾರಣ, ಕೋಳಿಗೆ ಏನೂ ಆಗುವುದಿಲ್ಲ ಎಂದು ಮಗುವಿಗೆ ಬೇಗ ನಂಬಿಕೆ ಬರುತ್ತದೆ. ಜಿಮ್ ವಿಷಯದಲ್ಲಿ ಆ ನಂಬಿಕೆಯನ್ನು ಲೇಖಕರು ಕೊಡುವುದಿಲ್ಲ.

ಒಂದು ಕೊರತೆ ಹೇಳಲೇಬೇಕು. ಈ ಕಾದಂಬರಿಯಲ್ಲಿ ಹೆಣ್ಣುಮಕ್ಕಳಿಲ್ಲ, ಜಿಮ್‌ನ ತಾಯಿಯನ್ನು ಬಿಟ್ಟರೆ. 1945ರಲ್ಲಿ ಸ್ವೀಡನ್ನಿನ ಆಸ್ಟ್ರಿಡ್ ಲಿಂಡ್‌ಗ್ರೆನ್ ಪಿಪ್ಪಿ ಎಂಬ ಒಂಬತ್ತು ವರ್ಷದ ಹುಡುಗಿಯನ್ನು ತಂದರು. ಕುದುರೆಯನ್ನೇ ಎತ್ತುವ ಹುಡುಗಿ. ನಗು, ಸಾಹಸ ಎರಡೂ ಒಂದೇ ಪುಸ್ತಕದಲ್ಲಿ ಬೇಕೆನ್ನುವ ಮಕ್ಕಳಿಗೆ ನಾನು ಮೊದಲು ಹೇಳುವ ಹೆಸರು ಇದು.

(ತೆರೆಯ ಮೇಲೆ: ಕನ್ನಡ ಪುಸ್ತಕಗಳ ಕಪಾಟು.)

ಕನ್ನಡದಲ್ಲಿ ಏನಿದೆ? ಚಿತ್ರಪುಸ್ತಕಗಳಿಗೆ ಈಗ ಬರವಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಸ್ಟೋರಿವೀವರ್ ಎಂಬ ಜಾಲತಾಣ ಶುರು ಮಾಡಿತು. ಅಲ್ಲಿ ಕನ್ನಡದ ಪುಸ್ತಕಗಳನ್ನು ದುಡ್ಡಿಲ್ಲದೆ ಓದಬಹುದು, ಡೌನ್‌ಲೋಡ್ ಮಾಡಬಹುದು. ನಿಮಗೆ ಇಷ್ಟವಾದ ಬೇರೆ ಭಾಷೆಯ ಕಥೆಯನ್ನು ನೀವೇ ಕನ್ನಡಕ್ಕೆ ತರಬಹುದು. ಹೊರನಾಡಿನಲ್ಲಿ ಕನ್ನಡ ಓದು ಕಲಿಯುತ್ತಿರುವ ಮಕ್ಕಳಿಗೆ ಇದು ತುಂಬಾ ಅನುಕೂಲ.

ಹದಿಮೂರು, ಹದಿನಾಲ್ಕರ ಹೊತ್ತಿಗೆ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಕೊಡಿ. ಮಕ್ಕಳಿಗೆಂದೇ ಬರೆದದ್ದಲ್ಲ, ಆದರೂ ಮಲೆನಾಡಿನ ಕಾಡಿನಲ್ಲಿ ಹಾರುವ ಓತಿಯನ್ನು ಹುಡುಕಿಕೊಂಡು ಹೋಗುವ ಆ ಕಥೆಯನ್ನು ಹರೆಯದವರು ಒಂದೇ ಉಸಿರಿಗೆ ಓದುತ್ತಾರೆ. ಅಲ್ಲೂ ಗಮನಿಸಿ, ವಿಜ್ಞಾನಿ ಕರ್ವಾಲೊಗೆ ಬೇಕಾದ ಓತಿಯನ್ನು ನೋಡಿದವನು ಊರವರು ಲೆಕ್ಕಕ್ಕೇ ಇಟ್ಟುಕೊಳ್ಳದ ಮಂದಣ್ಣ.

ಕಷ್ಟ ಇರುವುದು ಈ ಎರಡರ ನಡುವೆ. ಒಂಬತ್ತರಿಂದ ಹನ್ನೆರಡು ವರ್ಷದವರು ಸ್ವತಃ ಓದುವಂಥ, ನಮ್ಮ ಊರುಗಳಲ್ಲೇ ನಡೆಯುವ ಸಾಹಸ ಕಾದಂಬರಿಗಳು ಕನ್ನಡದಲ್ಲಿ ಇನ್ನೂ ಜಾಸ್ತಿ ಬರಬೇಕು. ನಿಮ್ಮ ಮಕ್ಕಳು ಮತ್ತೆ ಮತ್ತೆ ಓದಿದ ಅಂಥ ಕನ್ನಡ ಪುಸ್ತಕ ಯಾವುದು? ಹೆಸರು ಬರೆದು ತಿಳಿಸಿ. ಸಾಧ್ಯವಾದರೆ ಉತ್ತರವನ್ನು ಮಕ್ಕಳೇ ಬರೆಯಲಿ. ಬಂದ ಹೆಸರುಗಳಲ್ಲಿ ಒಂದನ್ನು ಆರಿಸಿ ಮುಂದಿನ ವಿಡಿಯೋದಲ್ಲಿ ಅದರ ಮೊದಲ ಅಧ್ಯಾಯದ ಬಗ್ಗೆ ಮಾತಾಡೋಣ.