ಹಾಸನಕ್ಕೆ ಐಟಿ ಪಾರ್ಕ್ ಬೇಕು, ಆದ್ರೆ ಎಂಥದ್ದು?

ಕೇಳುಗರೆಲ್ಲರಿಗೂ ನಮಸ್ಕಾರ. ಹಾಸನಕ್ಕೂ ಒಂದು ಐಟಿ ಪಾರ್ಕ್ ಬರ್ಬೇಕು ಅನ್ನೋ ಮಾತು ಟೀ ಅಂಗಡೀಲೂ ಕೇಳುತ್ತೆ, ಸ್ಟೇಜ್ ಮೇಲೂ ಕೇಳುತ್ತೆ. ಬೇಕು ಅನ್ನೋರಲ್ಲಿ ನಾನೂ ಒಬ್ಬ. ಆದ್ರೆ ಸರ್ಕಾರದ ಹತ್ರ ಏನಂತ ಕೇಳ್ತೀವಿ? ಪಾರ್ಕ್ ಅಂದ ತಕ್ಷಣ ನಮ್ಮ ಕಣ್ಮುಂದೆ ಬರೋದು ಗಾಜಿನ ಬಿಲ್ಡಿಂಗು, ಗುದ್ದಲಿ ಪೂಜೆ, ಮಾರನೇ ದಿನ ಪೇಪರಲ್ಲಿ ಫೋಟೋ.

ಬೆಂಗಳೂರಿನ ಕಥೆ ನೋಡಿ. 1976ರಲ್ಲಿ ರಾಜ್ಯ ಸರ್ಕಾರ ಕಿಯೋನಿಕ್ಸ್ ಅಂತ ಎಲೆಕ್ಟ್ರಾನಿಕ್ಸ್ ನಿಗಮ ಮಾಡ್ತು, ಅದರ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗಾ ಅವರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಕಡೆ 332 ಎಕರೇಲಿ ಎಲೆಕ್ಟ್ರಾನಿಕ್ಸ್ ಸಿಟಿ ಕಟ್ಟೋಕೆ ಹೊರಟ್ರು. ಆದ್ರೆ ಸಾಫ್ಟ್‌ವೇರ್ ಕಂಪನಿಗಳ ಜಾತ್ರೆ ಸೇರಿದ್ದು ತೊಂಬತ್ತರ ದಶಕದಲ್ಲಿ. ಅಷ್ಟರಲ್ಲಿ ಏನಾಗಿತ್ತು ಅಂದ್ರೆ, 1991ರಲ್ಲಿ ಕೇಂದ್ರ ಸರ್ಕಾರ ಎಸ್‌ಟಿಪಿಐ, ಅಂದ್ರೆ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ ಅಂತ ಸಂಸ್ಥೆ ಮಾಡಿ ಸ್ಯಾಟಲೈಟ್ ಲಿಂಕ್ ಕೊಡೋಕೆ ಶುರು ಮಾಡ್ತು, 64 ಕೆಬಿಪಿಎಸ್ ಲೈನು, ಈಗಿನ ಮಕ್ಕಳು ಕೇಳಿದ್ರೆ ನಗ್ತಾರೆ, ಆದ್ರೆ ಬರೆದ ಕೋಡು ಇಲ್ಲಿಂದಲೇ ಅಮೆರಿಕಾಗೆ ಹೋಗೋಕೆ ಆಗ ಅಷ್ಟೇ ಸಾಕಿತ್ತು. ಜೊತೆಗೆ ತೆರಿಗೆ ವಿನಾಯ್ತಿ, ಲೈಸೆನ್ಸಿಗೆ ಹತ್ತು ಆಫೀಸ್ ಸುತ್ತೋ ಕಾಟ ಇಲ್ಲ. ಇನ್ನೂ ಒಂದು ವಿಷ್ಯ, ಈ ಸ್ಕೀಮಲ್ಲಿ ಕಂಪನಿ ಪಾರ್ಕಿನ ಕಾಂಪೌಂಡ್ ಒಳಗೇ ಇರ್ಬೇಕು ಅಂತ ಏನಿರ್ಲಿಲ್ಲ, ಜಯನಗರದ ಬಾಡಿಗೆ ಮಹಡೀಲಿ ಕೂತ್ರೂ ನಡೀತಿತ್ತು.

ಕೀನ್ಯಾ ದೇಶದಲ್ಲಿ ಉಲ್ಟಾ ಮಾಡಿದ್ರು. ನೈರೋಬಿಯಿಂದ ಸುಮಾರು 60 ಕಿಲೋಮೀಟರ್ ಆಚೆ, ಕೊಂಜಾ ಅಂತ, 5000 ಎಕರೆ ಬಯಲಲ್ಲಿ ಟೆಕ್ನಾಲಜಿ ಸಿಟೀನೇ ಕಟ್ತೀವಿ ಅಂತ 2013ರಲ್ಲಿ ಅಡಿಗಲ್ಲು ಹಾಕಿದ್ರು. ನೀರು, ರೋಡು, ಕರೆಂಟು ಎಲ್ಲಾ ಸೊನ್ನೆಯಿಂದ ಆಗ್ಬೇಕು, ವರ್ಷಗಟ್ಟಲೆ ಅದೇ ಕೆಲ್ಸ ಎಳೀತು. ಆದ್ರೆ ಅದೇ ದೇಶದಲ್ಲಿ ಎಂ-ಪೇಸಾ, ಅಂದ್ರೆ ಮೊಬೈಲಲ್ಲಿ ದುಡ್ಡು ಕಳಿಸೋ ವ್ಯವಸ್ಥೆ, 2007ರಲ್ಲೇ ಬಂದಾಗಿತ್ತು, 2010ರಲ್ಲಿ ಐಹಬ್ ಅಂತ ಹುಡುಗ್ರು ಸೇರೋ ಜಾಗ ನೈರೋಬಿ ಊರೊಳಗೇ ಒಂದು ಬಿಲ್ಡಿಂಗಿನ ಮಹಡೀಲಿ ಶುರುವಾಗಿತ್ತು. ಕೊಂಜಾ ದಂಡ ಅಂತ ನಾನು ಹೇಳಲ್ಲ. ಆದ್ರೆ ಜನ ಇದ್ದದ್ದು ಒಂದು ಕಡೆ, ಎಕರೆ ಇದ್ದದ್ದು ಇನ್ನೊಂದು ಕಡೆ.

ನಮ್ಮ ಜನ ಎಲ್ಲಿದ್ದಾರೆ? ಸಾಲಗಾಮೆ ರಸ್ತೇಲಿ ಒಂದು ರೌಂಡ್ ಹಾಕಿ. ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರಿಂದ ಇದೆ, ಇಸ್ರೋದ ಎಂಸಿಎಫ್, ಅಂದ್ರೆ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಎಂಬತ್ತರ ದಶಕದಿಂದ ಇಲ್ಲಿ ಕೂತ್ಕೊಂಡೇ ಆಕಾಶದಲ್ಲಿರೋ ಸ್ಯಾಟಲೈಟ್‌ಗಳನ್ನ ನೋಡ್ಕೊಳ್ತಿದೆ. 2017ರಿಂದ ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ನೇರ ರೈಲೂ ಇದೆ, ನಮ್ಮ ಹುಡುಗ್ರು ಡಿಗ್ರಿ ಮುಗಿಸಿ ಅದೇ ರೈಲು ಹತ್ತಿ ಹೋಗ್ತಾರೆ, ಆ ಮಾತು ಬೇರೆ.

ಹಂಗಾಗಿ ಕೇಳೋದಾದ್ರೆ ಹಿಂಗೆ ಕೇಳೋಣ. ಊರೊಳಗೆ, ಕಾಲೇಜಿಗೆ ಹತ್ರ, ಈಗಾಗ್ಲೇ ಇರೋ ಯಾವ್ದಾದ್ರೂ ಸರ್ಕಾರಿ ಬಿಲ್ಡಿಂಗಲ್ಲಿ ಒಂದು ಫ್ಲೋರ್ ಕೊಡಿ, ಕಮ್ಮಿ ಬಾಡಿಗೆಗೆ. ಅದಕ್ಕೆ ಬೇರೆ ಫೀಡರ್, ಅಂದ್ರೆ ಅದಕ್ಕೇ ಅಂತ ಪ್ರತ್ಯೇಕ ಕರೆಂಟ್ ಲೈನ್ ಹಾಕಿ, ಆಷಾಢದ ಮಳೆ ಗಾಳಿಗೆ ಲೈನ್ ಮೇಲೆ ಮರ ಬಿದ್ರೂ ಕರೆಂಟ್ ನಿಲ್ಬಾರ್ದು. ಫೈಬರ್ ಎರಡು ದಾರೀಲಿ ಬರ್ಲಿ, ಹೈವೇ ಕೆಲ್ಸದ ಜೆಸಿಬಿ ಒಂದನ್ನ ಕಿತ್ರೆ ಇನ್ನೊಂದು ಇರುತ್ತೆ. ಜಾಗ ಕೊಡೋದೇ ಆದ್ರೆ ಲೀಸಿಗೆ ಮಾತ್ರ ಕೊಡಿ, ಇಷ್ಟು ವರ್ಷದಲ್ಲಿ ಕೆಲ್ಸ ಶುರು ಮಾಡ್ದಿದ್ರೆ ವಾಪಸ್ ಅಂತ ಬರೀರಿ, ಇಲ್ಲಾಂದ್ರೆ ಅದು ಪಾರ್ಕ್ ಆಗಲ್ಲ, ಸೈಟ್ ವ್ಯಾಪಾರ ಆಗುತ್ತೆ, ಬೇಲಿ ಹಾಕಿ ಬೋರ್ಡ್ ನೆಟ್ಟು ರೇಟ್ ಏರ್ಲಿ ಅಂತ ಕಾಯೋರು ನಮ್ಮಲ್ಲೇನು ಕಮ್ಮಿ ಇಲ್ಲ. ಆಮೇಲೆ ಮೊದಲ ಗಿರಾಕಿ ಸರ್ಕಾರವೇ ಆಗ್ಲಿ. ಆಲೂಗಡ್ಡೆ ಮಾರ್ಕೆಟ್ಟಿನ ಲೆಕ್ಕ, ಹಾಲಿನ ಸೊಸೈಟಿ ಲೆಕ್ಕ, ಕಾಫಿ ತೋಟದ ಮಳೆ ಲೆಕ್ಕ, ಇದಕ್ಕೆಲ್ಲ ಸಾಫ್ಟ್‌ವೇರ್ ಬೆಂಗಳೂರಿಂದಲೇ ಯಾಕೆ ಬರ್ಬೇಕು? ಅಂದಹಾಗೆ ಬಿಲ್ಲೂ ಟೈಮಿಗೆ ಪಾಸಾಗ್ಬೇಕು, ಸಣ್ಣ ಕಂಪನಿ ಬಾಗಿಲು ಹಾಕೋದೇ ಅಲ್ಲಿ.

ಆ ಒಂದು ಫ್ಲೋರ್ ತುಂಬ್ಲಿ. ಜಾಗ ಸಾಲ್ತಿಲ್ಲ ಅಂತ ಹುಡುಗ್ರು ಜಗಳಕ್ಕೆ ಬಂದ್ಮೇಲೆ ಎಕರೆ ಮಾತಾಡೋಣ. ನಮಸ್ಕಾರ.