ಆಶಾ ಜತೆಗೆ ಒಬ್ಬರು

ಕೇಳುಗರೆಲ್ಲರಿಗೂ ನಮಸ್ಕಾರ.

ಶಿಡ್ಲಘಟ್ಟದ ಕಡೆ ಹಳ್ಳಿಗಳಲ್ಲಿ 26 ವರ್ಷ ಎ.ಎನ್.ಎಂ., ಅಂದರೆ ಸರ್ಕಾರಿ ಆರೋಗ್ಯ ಸಹಾಯಕಿ ಆಗಿ ಓಡಾಡಿದವಳು ನಾನು. ಇವತ್ತು ಒಂದು ಮನೆಯ ವಿಷಯ ಹೇಳ್ತೀನಿ.

ಅಜ್ಜಿ, ಹತ್ತನೇ ಕ್ಲಾಸಿನ ಮೊಮ್ಮಗಳು, ಇಬ್ಬರೇ. ಹುಡುಗಿಗೆ ತಾಯಿ ಮೊದಲೇ ಇರಲಿಲ್ಲ, ತಂದೆಯೂ ತೀರಿಕೊಂಡಿದ್ದರು. ಸ್ಕೂಲಲ್ಲಿ ಎರಡು ಸಲ ತಲೆ ತಿರುಗಿ ಬಿದ್ದಿದ್ದಳು. ನಮ್ಮ ಊರಿನ ಆಶಾ ಕಾರ್ಯಕರ್ತೆ ಆ ಮನೆಗೆ ಹೋದ ದಿನ ರೇಷ್ಮೆಹುಳು ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಎದ್ದಿತ್ತು. ಆಗ ಹುಳಕ್ಕೆ ಹಗಲು ರಾತ್ರಿ ಹಸಿವು. "ಮಾತಾಡೋಕೆ ಪುರುಸೊತ್ತಿಲ್ಲ ಕಣಮ್ಮ" ಅಂದರು ಅಜ್ಜಿ. ಆಶಾ ಚೀಲ ಕೆಳಗಿಟ್ಟು, ತಾನೂ ಒಂದು ಹೊರೆ ಸೊಪ್ಪು ಬಿಚ್ಚಿ ಹುಳಕ್ಕೆ ಹಾಸತೊಡಗಿದಳು. ಅರ್ಧ ಗಂಟೆಯ ಮೇಲೆ ಅಜ್ಜಿಯೇ ಬಾಯಿಬಿಟ್ಟರು: "ನಾನು ಕಣ್ಣು ಮುಚ್ಚೋದರೊಳಗೆ ಇವಳನ್ನ ಒಬ್ಬರ ಕೈಗೆ ಒಪ್ಪಿಸಿಬಿಡಬೇಕು."

ಆಶಾ ಅಲ್ಲಿ ಬಾಲ್ಯವಿವಾಹದ ಕಾನೂನು ಹೇಳಲಿಲ್ಲ. ಹೇಳಿದ್ದರೆ ಮುಂದಿನ ಸಲ ಬಾಗಿಲು ತೆರೆಯುತ್ತಿರಲಿಲ್ಲ. ಮೊದಲು ಹುಡುಗಿಯ ರಕ್ತ ಪರೀಕ್ಷೆ ಮಾಡಿಸಿದಳು. ಹಿಮೋಗ್ಲೋಬಿನ್ 8 ಇತ್ತು, ರಕ್ತ ಕಡಿಮೆ. ಆಮೇಲೆ ದುಡ್ಡಿನ ದಾರಿ ಹುಡುಕಿದಳು. ಮಿಷನ್ ವಾತ್ಸಲ್ಯ ಅನ್ನೋ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಲ್ಲಿ ಇಂಥ ಮಕ್ಕಳಿಗೆ 18 ತುಂಬುವವರೆಗೆ ತಿಂಗಳಿಗೆ 4000 ರೂಪಾಯಿ ಪ್ರಾಯೋಜಕತ್ವ ಇದೆ. ಹಳ್ಳಿಯ ಕುಟುಂಬದ ವರ್ಷದ ಆದಾಯ 72,000 ದಾಟಿರಬಾರದು. ಅರ್ಜಿ ಹಾಕಬೇಕಾದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ.

ಅರ್ಜಿ ಸಿಕ್ಕಿಕೊಂಡಿದ್ದು ತಂದೆಯ ಮರಣ ಪತ್ರದಲ್ಲಿ. ಅವರು ತೀರಿಹೋಗಿದ್ದು ಮನೆಯಲ್ಲಿ, ಯಾರೂ ನೋಂದಾಯಿಸಿರಲಿಲ್ಲ. ಒಂದು ವರ್ಷ ದಾಟಿದರೆ ದಂಡಾಧಿಕಾರಿಗಳ ಆದೇಶವೇ ಬೇಕು. ಅದಕ್ಕಾಗಿ ಆಶಾ ಐದು ಸಲ ಅಜ್ಜಿಯನ್ನು ಕರೆದುಕೊಂಡು ಬಸ್ಸು ಹತ್ತಿದಳು. ಬಸ್ಸಿಗೆ ದುಡ್ಡು ಬೇಡ ನಿಜ, ಆದರೆ ಆ ಐದು ದಿನ ಅವಳ ಸಮೀಕ್ಷೆ, ಲಸಿಕೆ ಪಟ್ಟಿ, ಮನೆ ಅಡುಗೆ ಎಲ್ಲ ಹಾಗೇ ಕಾದು ಕೂತಿತ್ತು. ತಿಂಗಳ ಕೊನೆಗೆ ನಾನು ಸಹಿ ಹಾಕುತ್ತಿದ್ದ ಅವಳ ಪ್ರೋತ್ಸಾಹಧನದ ಕ್ಲೇಮ್ ಫಾರಂನಲ್ಲಿ ಹೆರಿಗೆಗೆ, ಲಸಿಕೆಗೆ ಕಾಲಂ ಇತ್ತು. ಈ ಓಡಾಟಕ್ಕೆ ಇರಲಿಲ್ಲ. ಆ ಹಾಳೆ ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು.

ಸಾವಿರ ಜನಕ್ಕೆ ಒಬ್ಬ ಆಶಾ. ಯಾವ ಮನೆಯಲ್ಲಿ ತಬ್ಬಲಿ ಮಗು ಊಟ ಬಿಟ್ಟಿದೆ, ಯಾವ ಹುಡುಗ ಸ್ಕೂಲು ಬಿಟ್ಟು ರೇಷ್ಮೆಗೂಡಿನ ನೂಲು ಬಿಚ್ಚಾಣಿಕೆ ಕೆಲಸಕ್ಕೆ ಹೋಗುತ್ತಿದ್ದಾನೆ, ಅವಳಿಗೇ ಮೊದಲು ಗೊತ್ತಾಗೋದು. ಹಾಗಾಗಿ ವೈದ್ಯಾಧಿಕಾರಿಗಳೇ, ತಿಂಗಳ ಸಭೆಯಲ್ಲಿ ಗುರಿ ಎಷ್ಟು ಮುಟ್ಟಿದಿರಿ ಅಂತ ಕೇಳುವ ಮೊದಲು, ಇಂಥ ಮನೆ ಯಾವುದಿದೆ ಅಂತ ಕೇಳಿ. ಪಂಚಾಯಿತಿಯ ಪಿಡಿಒ ಸಾಹೇಬರೇ, ಆ ಮನೆಯ ಕಾಗದ ಪತ್ರ ನಿಮ್ಮ ಕಚೇರಿಯಿಂದಲೇ ಹೊರಡಲಿ. ಮೇಷ್ಟ್ರು ವ್ಯಾಸಂಗ ಪತ್ರವನ್ನು ಅವತ್ತೇ ಬರೆದುಕೊಡಲಿ. ಬಾಲ್ಯವಿವಾಹದ ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುವ ಕೆಲಸ ಆಶಾ ಒಬ್ಬಳ ತಲೆಗೆ ಕಟ್ಟಬೇಡಿ. ಅವಳು ಅದೇ ಊರಲ್ಲಿ ಬಾಳಬೇಕು. ಇಷ್ಟು ಸಂಕಟ ಕೇಳಿಸಿಕೊಂಡು ಮನೆಗೆ ಹೋದ ಆಶಾಗೂ ರಾತ್ರಿ ನಿದ್ದೆ ಬರಲ್ಲ. ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಅವಳಿಗೂ ಇದೆ.

ಆ ಹುಡುಗಿ ಈಗ ಪಿಯುಸಿ ಓದುತ್ತಿದ್ದಾಳೆ. ಮೊನ್ನೆ ಆಶಾ ಫೋನ್ ಮಾಡಿದ್ದಳು: "ಸಿಸ್ಟರ್, ಕೆರೆ ಕೋಡಿ ಕಡೆ ಇನ್ನೊಂದು ಮನೆ ಇದೆ. ಅಣ್ಣ ತಮ್ಮ, ದೊಡ್ಡಪ್ಪನ ಹತ್ರ ಇದಾರೆ. ಜತೆಗೆ ಬರ್ತೀರಾ?"

ಗುರುವಾರ ಹೋಗುತ್ತಿದ್ದೇವೆ. ನಮಸ್ಕಾರ.